ಬೇರು ಹೇಳದ ಮಾತು: ‘ಗಲೌಬ್ಯನ್’ ಕ್ರಿಯಾಪದವೂ ವಿಶ್ವಾಸದ ಅರ್ಥವೂ

1. ವಾದದ ಸ್ವರೂಪ

ಇಂಗ್ಲಿಷ್ ದೇವಶಾಸ್ತ್ರ ಗ್ರಂಥಗಳ ನೆರವಿನಿಂದ ಪ್ರಸಂಗಗಳನ್ನು ಸಿದ್ಧಪಡಿಸುವವರಲ್ಲಿ ಒಂದು ವಾದವು ಕೆಲವು ದಶಕಗಳಿಂದ ಬೇರೂರಿದೆ. ಇಂಗ್ಲಿಷಿನ ‘ಬಿಲೀವ್’ ಎಂಬ ಕ್ರಿಯಾಪದವೂ ‘ಲವ್’ ಎಂಬ ಪದವೂ ಒಂದೇ ಬೇರಿನಿಂದ ಹುಟ್ಟಿದವು. ಆದಕಾರಣ ವಿಶ್ವಾಸಪ್ರಮಾಣವನ್ನು ಉಚ್ಚರಿಸುವ ಕ್ರೈಸ್ತನು ಕೆಲವು ಸಂಗತಿಗಳನ್ನು ಸತ್ಯವೆಂದು ಒಪ್ಪಿಕೊಳ್ಳುತ್ತಿಲ್ಲ, ದೇವರನ್ನು ಪ್ರಿಯನೆಂದು ಎದೆಗಪ್ಪಿಕೊಳ್ಳುತ್ತಿದ್ದಾನೆ ಎಂಬುದೇ ಆ ವಾದ. ಕೇಳಲು ಇದು ಹಿತವಾಗಿದೆ. ಸಂಶಯದಿಂದ ಬಳಲುವವನಿಗೆ ಸಾಂತ್ವನವನ್ನೂ, ಒಣ ಸಿದ್ಧಾಂತದಲ್ಲಿ ತೃಪ್ತನಾದವನಿಗೆ ಎಚ್ಚರಿಕೆಯನ್ನೂ ಇದು ಒಟ್ಟಿಗೆ ಕೊಡುವಂತೆ ತೋರುತ್ತದೆ.

ಈ ವಾದಕ್ಕೆ ವಿದ್ವತ್ತಿನ ಬಲವನ್ನು ಒದಗಿಸಿದವರಲ್ಲಿ ಮುಖ್ಯರು ಕೆನಡಾದ ವಿಲ್‌ಫ್ರೆಡ್ ಕ್ಯಾಂಟ್‌ವೆಲ್ ಸ್ಮಿತ್ (1916–2000). ಲಾಹೋರಿನಲ್ಲಿ ಬೋಧಿಸಿದ್ದ, ಇಸ್ಲಾಂ ಧರ್ಮವನ್ನೂ ಧರ್ಮಗಳ ತೌಲನಿಕ ಇತಿಹಾಸವನ್ನೂ ಆಳವಾಗಿ ಬಲ್ಲ ಇವರು 1977ರ ‘ಬಿಲೀಫ್ ಅಂಡ್ ಹಿಸ್ಟರಿ’ ಹಾಗೂ 1979ರ ‘ಫೇಯ್ತ್ ಅಂಡ್ ಬಿಲೀಫ್’ ಎಂಬ ಎರಡು ಗ್ರಂಥಗಳಲ್ಲಿ ‘ಬಿಲೀವ್’ ಪದದ ಇತಿಹಾಸವನ್ನು ಬಿಡಿಸಿಟ್ಟರು. ಅವರ ವಾದಕ್ಕೆ ಎರಡು ಕಾಲುಗಳಿವೆ. ಮೊದಲನೆಯದು ವ್ಯುತ್ಪತ್ತಿ: ಈ ಪದದ ಮೂಲಾರ್ಥ ‘ಪ್ರಿಯವೆಂದು ಹಿಡಿದುಕೊಳ್ಳು’ ಎಂಬುದು. ಎರಡನೆಯದು ಬಳಕೆಯ ಇತಿಹಾಸ: ಆಧುನಿಕ ಕಾಲದಲ್ಲಿ ಈ ಪದವು ವ್ಯಕ್ತಿಯಲ್ಲಿಡುವ ಭರವಸೆಯಿಂದ ಜಾರಿ, ಒಂದು ಹೇಳಿಕೆಯ ಕುರಿತಾದ ಅಭಿಪ್ರಾಯವಾಗಿ ಮಾರ್ಪಟ್ಟಿತು ಎಂಬುದು. ಪ್ರಸಂಗಪೀಠಗಳಿಗೆ ಇಳಿದು ಬಂದದ್ದು ಹೆಚ್ಚಾಗಿ ಮೊದಲನೆಯ ಕಾಲು ಮಾತ್ರ. ಅದು ಭಾರವನ್ನು ಹೊರಬಲ್ಲದೋ ಎಂಬುದನ್ನು ಈ ಲೇಖನವು ಪರೀಕ್ಷಿಸುತ್ತದೆ. ಪರೀಕ್ಷೆಗೆ ಸಾಧನವಾಗಿ ‘ಬಿಲೀವ್’ ಪದದ ಪೂರ್ವಜವಾದ ಮೂಲ ಜರ್ಮಾನಿಕ್ ಕ್ರಿಯಾಪದವನ್ನೇ ಅದರ ಹುಟ್ಟಿನಿಂದ ಸಂತತಿಯವರೆಗೆ ಅನುಸರಿಸುತ್ತೇವೆ.

2. ಕ್ರಿಯಾಪದದ ಕುಲವೃತ್ತಾಂತ

ಮೂಲ ಜರ್ಮಾನಿಕ್ ಎಂಬುದು ಬರಹದಲ್ಲಿ ಉಳಿದು ಬಂದ ಭಾಷೆಯಲ್ಲ. ಗಾಥಿಕ್, ಪ್ರಾಚೀನ ಇಂಗ್ಲಿಷ್, ಪ್ರಾಚೀನ ಹೈ ಜರ್ಮನ್, ಪ್ರಾಚೀನ ಸ್ಯಾಕ್ಸನ್, ಪ್ರಾಚೀನ ನಾರ್ಸ್ ಮೊದಲಾದ ಸೋದರ ಭಾಷೆಗಳನ್ನು ಹೋಲಿಸಿ ವಿದ್ವಾಂಸರು ಅದನ್ನು ಪುನಾರಚಿಸಿದ್ದಾರೆ. ಹೀಗೆ ಪುನಾರಚಿಸಿದ ರೂಪಗಳಿಗೆ ಮುಂದೆ ನಕ್ಷತ್ರಚಿಹ್ನೆಯನ್ನು ಇಡುವುದು ವಾಡಿಕೆ. ಆ ಚಿಹ್ನೆಯು ಅಲಂಕಾರವಲ್ಲ. ‘ಇದನ್ನು ಯಾರೂ ಬರೆದದ್ದನ್ನು ನಾವು ಕಂಡಿಲ್ಲ, ತರ್ಕದಿಂದ ಊಹಿಸಿದ್ದೇವೆ’ ಎಂಬ ಪ್ರಾಮಾಣಿಕವಾದ ಒಪ್ಪಿಗೆ ಅದು.

ಗಾಥಿಕ್ ಭಾಷೆಯ ‘ಗಲೌಬ್ಯನ್’, ಪ್ರಾಚೀನ ಹೈ ಜರ್ಮನಿನ ‘ಗಿಲೌಬೆನ್’, ಪ್ರಾಚೀನ ಇಂಗ್ಲಿಷಿನ ‘ಗೆಲೀಫನ್’ (ಉಚ್ಚಾರದಲ್ಲಿ ‘ಯೆಲೀವನ್’) ಇವುಗಳ ಹಿಂದೆ ‘ಗಲೌಬಿಯನ್’ ಎಂಬಂತಹ ಒಂದು ರೂಪವಿದ್ದಿರಬೇಕೆಂದು ಊಹಿಸಲಾಗಿದೆ. ಇಂದಿನ ಜರ್ಮನಿನ ‘ಗ್ಲೌಬೆನ್’, ಡಚ್ಚಿನ ‘ಗೆಲೋವೆನ್’, ದಕ್ಷಿಣ ಆಫ್ರಿಕದ ಆಫ್ರಿಕಾನ್ಸಿನ ‘ಖ್ಲೋ’, ಯಿಡ್ಡಿಷಿನ ‘ಗ್ಲೇಬ್ನ್’, ಇಂಗ್ಲಿಷಿನ ‘ಬಿಲೀವ್’ ಇವೆಲ್ಲ ಅದರ ಮಕ್ಕಳು. ‘ಗ’ ಎಂಬುದು ಉಪಸರ್ಗ. ‘ಲೌಬ್’ ಎಂಬುದು ಧಾತುವಿನ ಭಾಗ.

ಈ ಧಾತುವು ಜರ್ಮಾನಿಕ್ ಭಾಷೆಗಳಲ್ಲಿ ಮೂರು ಸ್ವರಭೇದಗಳಲ್ಲಿ ಕಾಣಿಸಿಕೊಳ್ಳುತ್ತದೆ. ‘ಲೆಉಬ್’ ರೂಪದಿಂದ ‘ಪ್ರಿಯ’ ಎಂಬರ್ಥದ ಗಾಥಿಕ್ ‘ಲಿಉಫ್ಸ್’ ಮತ್ತು ಜರ್ಮನ್ ‘ಲೀಬ್’ ಬಂದಿವೆ. ‘ಲುಬ್’ ರೂಪದಿಂದ ಇಂಗ್ಲಿಷಿನ ‘ಲವ್’ ಹಾಗೂ ‘ಸ್ತುತಿ’ ಎಂಬರ್ಥದ ಜರ್ಮನ್ ‘ಲೋಬ್’ ಬಂದಿವೆ. ‘ಲೌಬ್’ ರೂಪದಿಂದ ನಮ್ಮ ಕ್ರಿಯಾಪದವು ಬಂದಿದೆ. ಅದರೊಡನೆ ಅನುಮತಿಯ ಅರ್ಥದ ಒಂದು ಕುಟುಂಬವೂ ಬಂದಿದೆ: ‘ಅನುಮತಿಸು’ ಎಂಬರ್ಥದ ಜರ್ಮನ್ ‘ಎರ್‌ಲೌಬೆನ್’, ರಜೆ ಎಂಬರ್ಥದ ‘ಊರ್‌ಲೌಬ್’, ಇಂಗ್ಲಿಷಿನಲ್ಲಿ ಅಪ್ಪಣೆ ಮತ್ತು ರಜೆ ಎಂಬರ್ಥದ ‘ಲೀವ್’. ಮಿಷನರಿಗಳು ಸ್ವದೇಶಕ್ಕೆ ಹೋಗಿಬರಲು ಪಡೆಯುತ್ತಿದ್ದ, ಇಂದು ನಮ್ಮ ಸೆರೆಮನೆಗಳ ಕಡತಗಳಲ್ಲಿಯೂ ಕಾಣುವ ‘ಫರ್ಲೋ’ ಎಂಬ ಪದವು ಡಚ್ಚಿನ ‘ವೆರ್‌ಲೋಫ್’ ಎಂಬುದರಿಂದ ಬಂದುದಾಗಿ ಇದೇ ಬಳಗಕ್ಕೆ ಸೇರುತ್ತದೆ.

ಜರ್ಮಾನಿಕ್ ಗಡಿಯಾಚೆಗೂ ಈ ಧಾತುವಿನ ಜ್ಞಾತಿಗಳಿವೆ. ಲ್ಯಾಟಿನಿನಲ್ಲಿ ‘ಇಷ್ಟವಾಗುತ್ತದೆ’ ಎಂಬರ್ಥದ ‘ಲುಬೆತ್’ ಅಥವಾ ‘ಲಿಬೆತ್’, ಅದರಿಂದ ಬಂದ ‘ಲಿಬಿಡೊ’. ರಷ್ಯನ್ನಿನಲ್ಲಿ ‘ಪ್ರೀತಿಸು’ ಎಂಬರ್ಥದ ‘ಲ್ಯುಬಿತ್’. ಸಂಸ್ಕೃತದಲ್ಲಿ ‘ಲುಭ್’ ಧಾತು. ಕನ್ನಡದ ವಾಚಕರಿಗೆ ಈ ಕೊನೆಯದು ಪರಿಚಿತ: ಅರಿಷಡ್ವರ್ಗಗಳಲ್ಲಿ ಒಂದಾದ ‘ಲೋಭ’, ಜಿಪುಣನಾದ ‘ಲೋಭಿ’, ಸೆಳೆತಕ್ಕೆ ಹೇಳುವ ‘ಪ್ರಲೋಭನೆ’ ಎಲ್ಲವೂ ಇದರಿಂದಲೇ ಬಂದವು.

3. ಬೇರಿನ ಸಾಕ್ಷ್ಯವು ಎಲ್ಲಿ ಸೋಲುತ್ತದೆ

ಇಲ್ಲಿಯವರೆಗಿನ ವೃತ್ತಾಂತವು ಸ್ಮಿತ್ ಅವರ ವಾದವನ್ನು ಬೆಂಬಲಿಸುವಂತೆ ಕಾಣುತ್ತದೆ. ‘ಬಿಲೀವ್’, ‘ಲವ್’ ಎರಡೂ ಒಂದೇ ಧಾತುವಿನಿಂದ ಬಂದವು ಎಂಬುದು ನಿಜ. ಆದರೆ ಇದರಿಂದ ‘ಬಿಲೀವ್ ಎಂದರೆ ಪ್ರೀತಿಸು’ ಎಂಬ ತೀರ್ಮಾನಕ್ಕೆ ನೆಗೆಯುವುದಕ್ಕೆ ಮೂರು ಅಡ್ಡಿಗಳಿವೆ.

ಮೊದಲನೆಯದು ರೂಪದ ಅಡ್ಡಿ. ಇಂಗ್ಲಿಷ್ ಪದದ ಮೊದಲಲ್ಲಿರುವ ‘ಬಿ’ ಎಂಬ ಉಪಸರ್ಗವು ಪ್ರಾಚೀನವಾದುದಲ್ಲ. ಪ್ರಾಚೀನ ಇಂಗ್ಲಿಷಿನಲ್ಲಿ ಸಾಮಾನ್ಯವಾಗಿದ್ದ ‘ಗೆ’ ಉಪಸರ್ಗವು ಸವೆದುಹೋದಾಗ ಅದರ ಸ್ಥಾನಕ್ಕೆ ಮಧ್ಯಕಾಲದಲ್ಲಿ ‘ಬಿ’ ಬಂದು ಕುಳಿತಿತು. ಹಾಗಾಗಿ ‘ಬಿ-ಲವ್’ ಎಂದು ಪದವನ್ನು ಒಡೆದು ಅರ್ಥ ಹೇಳುವುದು ಸಂಧಿಯೇ ಇಲ್ಲದಲ್ಲಿ ಸಂಧಿಯನ್ನು ಬಿಡಿಸಿದಂತೆ. ಜರ್ಮನಿನ ‘ಬೆಲೀಬೆನ್’ ಎಂಬ, ‘ಇಷ್ಟಪಡು’ ಎಂಬರ್ಥದ ಪದವು ಇದಕ್ಕೆ ಅವಳಿಯಂತೆ ಕಂಡರೂ ಅದರ ರಚನೆ ಬೇರೆ. ಅದು ‘ಲೀಬ್’ ಎಂಬ ಇನ್ನೊಂದು ಸ್ವರಭೇದದಿಂದ ಪ್ರತ್ಯೇಕವಾಗಿ ಹುಟ್ಟಿದೆ. ‘ಗಲೌಬಿಯನ್’ ಎಂಬುದಕ್ಕೆ ‘ಪ್ರಿಯವೆಂದು ಎಣಿಸು, ಒಪ್ಪು’ ಎಂಬ ಅರ್ಥವು ಆದಿಯಲ್ಲಿ ಇದ್ದಿರಬಹುದೆಂದು ಜರ್ಮನ್ ನಿಘಂಟುಕಾರರು ಊಹಿಸಿರುವುದುಂಟು. ಆದರೆ ಆ ಘಟ್ಟವು ನಕ್ಷತ್ರಚಿಹ್ನೆಯ ಆಚೆಗಿನದು. ಬರಹದಲ್ಲಿ ಪದವು ಮೊದಲು ಕಣ್ಣಿಗೆ ಬೀಳುವ ವೇಳೆಗೆ ಅದು ನಂಬಿಕೆಯ ಪದವೇ ಆಗಿಬಿಟ್ಟಿದೆ.

ಎರಡನೆಯದು ತರ್ಕದ ಅಡ್ಡಿ. ಸಂಸ್ಕೃತದ ‘ಲುಭ್’ ಧಾತುವಿನ ಪ್ರೇರಣಾರ್ಥಕ ರೂಪ ‘ಲೋಭಯತಿ’. ಸಂಸ್ಕೃತದ ‘ಓ’ಕಾರವು ಹಳೆಯ ‘ಅಉ’ ಸಂಧ್ಯಕ್ಷರದಿಂದ ಬಂದುದೆಂಬುದನ್ನು ನೆನೆದರೆ, ‘ಲೋಭಯತಿ’ ಎಂಬುದು ಜರ್ಮಾನಿಕ್ ‘ಲೌಬಿಯನ್’ ಎಂಬುದಕ್ಕೆ ಸ್ವರದಲ್ಲಿಯೂ ಪ್ರತ್ಯಯದಲ್ಲಿಯೂ ಸರಿಹೊಂದುವ ರೂಪವೆಂಬುದು ತಿಳಿಯುತ್ತದೆ. ಅದರ ಅರ್ಥ ‘ಆಸೆ ಹುಟ್ಟಿಸುತ್ತಾನೆ, ಮರುಳುಗೊಳಿಸುತ್ತಾನೆ’ ಎಂದು. ಬೇರೇ ಅರ್ಥವನ್ನು ನಿರ್ಣಯಿಸುವುದಾದರೆ ವಿಶ್ವಾಸವು ಪ್ರೀತಿಯಾಗುವಷ್ಟೇ ಸುಲಭವಾಗಿ ಪ್ರಲೋಭನೆಯೂ ಆಗಬೇಕಾಗುತ್ತದೆ. ‘ಲವ್’ ಎಂಬ ಜ್ಞಾತಿಯನ್ನು ಸಾಕ್ಷಿಗೆ ಕರೆದು ‘ಲೋಭ’ ಎಂಬ ಜ್ಞಾತಿಯನ್ನು ಬಾಗಿಲಾಚೆ ನಿಲ್ಲಿಸಲು ವ್ಯುತ್ಪತ್ತಿಶಾಸ್ತ್ರವು ಯಾವ ಕಾರಣವನ್ನೂ ಕೊಡುವುದಿಲ್ಲ. ಆ ಆಯ್ಕೆಯನ್ನು ಮಾಡಿದ್ದು ಬೋಧಕನ ದೇವಶಾಸ್ತ್ರ. ಬೇರು ಆ ಆಯ್ಕೆಗೆ ತೊಡಿಸಿದ ಅಂಗಿ ಮಾತ್ರ.

ಮೂರನೆಯದು ನೆರೆಹೊರೆಯ ಅಡ್ಡಿ. ಉತ್ತರ ಜರ್ಮಾನಿಕ್ ಜನರು ಕ್ರೈಸ್ತರಾದಾಗ ಈ ಕ್ರಿಯಾಪದವನ್ನು ವಿಶ್ವಾಸಕ್ಕೆ ಬಳಸಲಿಲ್ಲ. ಪ್ರಾಚೀನ ನಾರ್ಸಿನಲ್ಲಿ ಇದರ ಸೋದರವಾದ ‘ಲೇವಾ’ ಎಂಬುದು ‘ಅನುಮತಿಸು, ಹೊಗಳು’ ಎಂಬರ್ಥದಲ್ಲಿ ಉಳಿಯಿತು. ವಿಶ್ವಾಸಕ್ಕೆ ಅವರು ‘ತ್ರೂಆ’ ಎಂಬ ಬೇರೆ ಪದವನ್ನು ತೆಗೆದುಕೊಂಡರು. ಇಂಗ್ಲಿಷಿನ ‘ಟ್ರೂ’ ಎಂಬುದರ ಬಳಗದ ಆ ಪದವೇ ಇಂದಿನ ಡೇನಿಷ್, ನಾರ್ವೇಜಿಯನ್, ಸ್ವೀಡಿಷ್ ಭಾಷೆಗಳ ‘ತ್ರೂ’ ಆಗಿದೆ. ನಾರ್ವೆಯ ಲೂಥರನ್ ಸಭೆಯೂ ಜರ್ಮನಿಯ ಲೂಥರನ್ ಸಭೆಯೂ ಒಂದೇ ವಿಶ್ವಾಸಪ್ರಮಾಣವನ್ನು ಉಚ್ಚರಿಸುತ್ತವೆ; ಒಂದರ ಕ್ರಿಯಾಪದದಲ್ಲಿ ಪ್ರೀತಿಯ ಬೇರಿದೆ, ಇನ್ನೊಂದರಲ್ಲಿ ದೃಢತೆಯ ಬೇರಿದೆ. ರೈನ್ ನದಿಯ ದಡದಲ್ಲಿ ವಿಶ್ವಾಸವು ಒಲವಾಗಿಯೂ ಆಸ್ಲೋದಲ್ಲಿ ಅದು ನಿಷ್ಠೆಯಾಗಿಯೂ ಇದೆಯೆಂದು ಯಾರೂ ವಾದಿಸಲಾರರು.

ಜೇಮ್ಸ್ ಬಾರ್ ಅವರು 1961ರ ‘ದಿ ಸಿಮ್ಯಾಂಟಿಕ್ಸ್ ಆಫ್ ಬಿಬ್ಲಿಕಲ್ ಲ್ಯಾಂಗ್ವೇಜ್’ ಗ್ರಂಥದಲ್ಲಿ ಹೀಬ್ರೂ ಮತ್ತು ಗ್ರೀಕ್ ಪದಗಳ ಕುರಿತು ಇಂಥದೇ ದೋಷವನ್ನು ಎತ್ತಿ ತೋರಿಸಿದ್ದರು. ಹೀಬ್ರೂವಿನ ‘ಆಮನ್’ ಧಾತುವಿನಲ್ಲಿ ಸ್ಥಿರತೆಯ ಅರ್ಥವಿರುವುದರಿಂದ ಹೊಸ ಒಡಂಬಡಿಕೆಯ ವಿಶ್ವಾಸವು ಮೂಲತಃ ದೇವರ ಸ್ಥಿರತೆಯೇ ಎಂದು ಕಟ್ಟಿದ ವಾದವನ್ನು ಅವರು ಒಂದೊಂದಾಗಿ ಬಿಚ್ಚಿದರು. ಪದದ ಅರ್ಥವು ಅದು ವಾಕ್ಯದಲ್ಲಿ ಮಾಡುವ ಕೆಲಸದಲ್ಲಿದೆ, ಅದರ ಅಜ್ಜಿಯ ಊರಿನಲ್ಲಲ್ಲ ಎಂಬುದೇ ಅವರ ಬೋಧನೆಯ ತಿರುಳು. ಹೀಬ್ರೂ ಧಾತುವಿನ ವಿಷಯದಲ್ಲಿ ಈ ಪಾಠವನ್ನು ಕಲಿತ ನಾವು ಇಂಗ್ಲಿಷ್ ಧಾತುವಿನ ವಿಷಯದಲ್ಲಿ ಅದನ್ನು ಮರೆಯುವುದು ವಿಚಿತ್ರ. ಏಕೆಂದರೆ ಹೀಬ್ರೂವಾದರೂ ಪ್ರವಾದಿಗಳ ಭಾಷೆ, ಇಂಗ್ಲಿಷೋ ಕೇವಲ ಒಂದು ಭಾಷಾಂತರದ ಭಾಷೆ.

4. ವುಲ್ಫಿಲನ ಸಾಕ್ಷ್ಯ

ಹಾಗಾದರೆ ವಾಕ್ಯದಲ್ಲಿ ಈ ಕ್ರಿಯಾಪದವು ಮಾಡಿದ ಕೆಲಸವೇನು? ಉತ್ತರಕ್ಕೆ ಅತ್ಯಂತ ಹಳೆಯ ವಿಸ್ತಾರವಾದ ಸಾಕ್ಷಿಯನ್ನೇ ಕೇಳಬೇಕು. ನಾಲ್ಕನೆಯ ಶತಮಾನದಲ್ಲಿ ಬಿಷಪ್ ವುಲ್ಫಿಲನು (ಸುಮಾರು 311–383) ಸತ್ಯವೇದವನ್ನು ಗ್ರೀಕಿನಿಂದ ಗಾಥಿಕ್ ಭಾಷೆಗೆ ತಂದನು. ಉಪ್ಸಾಲದಲ್ಲಿರುವ, ಆರನೆಯ ಶತಮಾನದ ‘ಕೋಡೆಕ್ಸ್ ಅರ್ಜೆಂಟಿಯುಸ್’ ಎಂಬ ಬೆಳ್ಳಿಯಕ್ಷರದ ಹಸ್ತಪ್ರತಿಯಲ್ಲಿ ಸುವಾರ್ತೆಗಳ ಬಹುಭಾಗವೂ, ಮಿಲಾನಿನ ಹಸ್ತಪ್ರತಿಗಳಲ್ಲಿ ಪೌಲನ ಪತ್ರಿಕೆಗಳ ಹಲವು ಭಾಗಗಳೂ ಉಳಿದಿವೆ.

ವುಲ್ಫಿಲನು ಗ್ರೀಕಿನ ‘ಪಿಸ್ತೆವೊ’ ಎಂಬ ಕ್ರಿಯಾಪದಕ್ಕೆ ‘ಗಲೌಬ್ಯನ್’ ಎಂಬುದನ್ನೂ, ‘ಪಿಸ್ತಿಸ್’ ಎಂಬ ನಾಮಪದಕ್ಕೆ ‘ಗಲೌಬೀನ್ಸ್’ ಎಂಬುದನ್ನೂ ಆರಿಸಿಕೊಂಡನು. ಆ ಆಯ್ಕೆಯನ್ನು ಅವನು ಎಷ್ಟು ಬಿಗಿಯಾಗಿ ಪಾಲಿಸಿದನೆಂಬುದಕ್ಕೆ ಲೂಕ 16:11 ನಿದರ್ಶನ. ಅನ್ಯಾಯದ ಧನದಲ್ಲಿ ನಂಬಿಗಸ್ತರಾಗದವರಿಗೆ ನಿಜವಾದ ಧನವನ್ನು ಯಾರು ವಹಿಸಿಕೊಟ್ಟಾರು ಎಂಬ ಆ ಪ್ರಶ್ನೆಯಲ್ಲಿ ಗ್ರೀಕಿನ ಕ್ರಿಯಾಪದಕ್ಕೆ ‘ವಶಕ್ಕೆ ಒಪ್ಪಿಸು’ ಎಂಬರ್ಥವಿದೆ. ಅಲ್ಲಿಯೂ ವುಲ್ಫಿಲನು ‘ಗಲೌಬ್ಯನ್’ ಎಂಬುದನ್ನೇ ಇಟ್ಟನು. ಗಾಥಿಕ್ ಪದವು ತನ್ನ ಬೇರಿನ ಅರ್ಥವನ್ನು ಗ್ರೀಕಿಗೆ ಕೊಡುತ್ತಿಲ್ಲ. ಗ್ರೀಕ್ ಪದದ ಹರಹನ್ನು ತಾನು ಕಲಿಯುತ್ತಿದೆ.

‘ಅಮೂಲ್ಯ’ ಎಂಬ ಅರ್ಥದ ಒಂದು ಗಾಥಿಕ್ ವಿಶೇಷಣವು ಇದೇ ಧಾತುವಿನದು. ಯೋಹಾನ 12:3ರಲ್ಲಿ ಮರಿಯಳು ತಂದ ಜಟಾಮಾಂಸಿ ತೈಲವನ್ನು ಬಹು ಬೆಲೆಯುಳ್ಳದ್ದೆಂದು ಹೇಳುವಲ್ಲಿ ವುಲ್ಫಿಲನು ಆ ವಿಶೇಷಣಕ್ಕೆ ‘ಬಹು’ ಎಂಬುದನ್ನು ಸೇರಿಸಿ ಬಳಸಿದ್ದಾನೆ. ಅದೇ ವಚನದಲ್ಲಿ ಗ್ರೀಕಿನ ‘ಪಿಸ್ತಿಕೋಸ್’ ಎಂಬ, ‘ಪಿಸ್ತಿಸ್’ ಪದವನ್ನು ನೆನಪಿಸುವ, ವಿದ್ವಾಂಸರಲ್ಲಿ ಇಂದಿಗೂ ವಿವಾದಕ್ಕೊಳಗಾದ ವಿಶೇಷಣವೂ ಇದೆ. ಎರಡು ಭಾಷೆಗಳ ಎರಡು ಬೇರುಗಳು ಒಂದೇ ಸಾಲಿನಲ್ಲಿ ಎದುರಾದ ಆ ಅವಕಾಶದಲ್ಲಿ ವುಲ್ಫಿಲನು ಶ್ಲೇಷೆಗೆ ಮನಸೋಲಲಿಲ್ಲ. ಗ್ರೀಕ್ ಪದದ ಧ್ವನಿಯನ್ನು ಹಾಗೆಯೇ ಇಳಿಸಿಕೊಂಡು ಮುಂದೆ ನಡೆದನು.

ರೋಮಾಪುರದವರಿಗೆ 15:13ರಲ್ಲಿ ನಿರೀಕ್ಷೆಗೆ ‘ಲುಬೈನ್ಸ್’ ಎಂಬ ಪದವಿದೆ. ಅದೂ ಇದೇ ಬಳಗದ್ದು, ಅದೇ ವಚನದಲ್ಲಿ ‘ಗಲೌಬೀನ್ಸ್’ ಕೂಡ ಬರುತ್ತದೆ. ವ್ಯುತ್ಪತ್ತಿಪ್ರಿಯರಿಗೆ ಇದು ಹಬ್ಬ. ಆದರೆ ಗಲಾತ್ಯದವರಿಗೆ 5:6ನ್ನು ತೆರೆದರೆ ಚಿತ್ರವು ಬದಲಾಗುತ್ತದೆ. ಪ್ರೀತಿಯ ಮೂಲಕ ಕೆಲಸ ನಡಿಸುವ ವಿಶ್ವಾಸವೇ ಮುಖ್ಯವೆಂದು ಪೌಲನು ಹೇಳುವಲ್ಲಿ ವುಲ್ಫಿಲನು ವಿಶ್ವಾಸಕ್ಕೆ ‘ಗಲೌಬೀನ್ಸ್’ ಎಂಬುದನ್ನೂ, ಪ್ರೀತಿಗೆ ‘ಫ್ರಿಯಥ್ವ’ ಎಂಬ ಬೇರೆ ಧಾತುವಿನ ಪದವನ್ನೂ ಇಟ್ಟಿದ್ದಾನೆ. ವಿಶ್ವಾಸದ ಪದದಲ್ಲಿಯೇ ಪ್ರೀತಿಯು ಅಡಗಿದ್ದರೆ ಪೌಲನ ವಾಕ್ಯವು ‘ಪ್ರೀತಿಯು ಪ್ರೀತಿಯ ಮೂಲಕ ಕೆಲಸಮಾಡುತ್ತದೆ’ ಎಂಬ ಪುನರುಕ್ತಿಯಾಗುತ್ತಿತ್ತು. ಅಪೊಸ್ತಲನು ಅವೆರಡನ್ನು ಮೊದಲು ಬೇರ್ಪಡಿಸಿ, ಬಳಿಕ ಒಂದನ್ನು ಇನ್ನೊಂದರ ಮೂಲಕ ನಡೆಸಿದ್ದಾನೆ. ಬೇರಿನಲ್ಲಿ ಅವನ್ನು ಒಂದು ಮಾಡಿಬಿಟ್ಟರೆ ಅವನು ಹೇಳಬಯಸಿದ ಮಾತೇ ಕಳೆದುಹೋಗುತ್ತದೆ.

ಇನ್ನೂ ಮುಖ್ಯವಾದುದು ‘ಎಂದು’ ಎಂಬ ಅವ್ಯಯದ ಸಾಕ್ಷ್ಯ. ವ್ಯಕ್ತಿಯಿಂದ ಹೇಳಿಕೆಯ ಕಡೆಗೆ ನಂಬಿಕೆಯು ಜಾರಿದ್ದು ಆಧುನಿಕ ಕಾಲದಲ್ಲಿ ಎಂದು ಸ್ಮಿತ್ ಹೇಳುತ್ತಾರೆ. ಆದರೆ ರೋಮಾಪುರದವರಿಗೆ 10:9ರಲ್ಲಿ, ದೇವರು ಯೇಸುವನ್ನು ಸತ್ತವರೊಳಗಿಂದ ಎಬ್ಬಿಸಿದನೆಂದು ಹೃದಯದಿಂದ ನಂಬುವುದರ ಕುರಿತು ಹೇಳುವಾಗ, ವುಲ್ಫಿಲನ ‘ಗಲೌಬ್ಯನ್’ ಕ್ರಿಯಾಪದದ ಹಿಂದೆಯೇ ‘ಥತೀ’, ಅಂದರೆ ‘ಎಂದು’, ಬರುತ್ತದೆ. ಯೋಹಾನ 11:27ರಲ್ಲಿ ಮಾರ್ಥಳು ಮಾಡುವ ಅರಿಕೆಯಲ್ಲಿಯೂ ಹಾಗೆಯೇ. ಜರ್ಮಾನಿಕ್ ಭಾಷೆಯೊಂದರಲ್ಲಿ ಈ ಕ್ರಿಯಾಪದವು ವಾಕ್ಯಗಳಲ್ಲಿ ಜೀವಿಸುವುದನ್ನು ನಾವು ವಿಸ್ತಾರವಾಗಿ ಕಾಣುವ ಮೊದಲ ಕಾಲದಲ್ಲಿಯೇ ಅದು ವ್ಯಕ್ತಿಯನ್ನೂ ಹಿಡಿದಿದೆ, ಹೇಳಿಕೆಯನ್ನೂ ಹಿಡಿದಿದೆ. ಅಷ್ಟೇ ಅಲ್ಲ, ವುಲ್ಫಿಲನು ತನ್ನ ಕಾಲದ ಆರಿಯನ್ ವಿವಾದದಲ್ಲಿ ಒಂದು ಪಕ್ಷದವನಾಗಿದ್ದನು. ತಂದೆಗೂ ಮಗನಿಗೂ ಇರುವ ಸಂಬಂಧದ ಕುರಿತು ಅವನು ತನ್ನ ಅಂತ್ಯಕಾಲದಲ್ಲಿ ಬಿಟ್ಟುಹೋದ ವಿಶ್ವಾಸದ ಹೇಳಿಕೆಯನ್ನು ಅವನ ಶಿಷ್ಯನಾದ ಔಕ್ಸೆಂತಿಯುಸನು ಲ್ಯಾಟಿನಿನಲ್ಲಿ ಉಳಿಸಿದ್ದಾನೆ. ಅವನ ಸಿದ್ಧಾಂತವನ್ನು ಸಭೆಯು ತಿರಸ್ಕರಿಸಿತು. ಆದರೆ ‘ಏನನ್ನು’ ನಂಬುತ್ತೇವೆಂಬ ಪ್ರಶ್ನೆಯನ್ನು ಲಘುವೆಂದು ಎಣಿಸಿದವನು ಅವನಲ್ಲ.

ಈ ಪರೀಕ್ಷೆಯನ್ನು ಸತ್ಯವೇದದ ಒಂದೇ ವಚನದಿಂದ ಮುಗಿಸಬಹುದು. ಯಾಕೋಬ 2:19ರ ಪ್ರಕಾರ ದೆವ್ವಗಳು ಸಹ ದೇವರೊಬ್ಬನೇ ಎಂದು ನಂಬಿ ನಡುಗುತ್ತವೆ. ಅಲ್ಲಿಯೂ ಕ್ರಿಯಾಪದ ‘ಪಿಸ್ತೆವೊ’ ಎಂಬುದೇ. ಲೂಥರನ ಜರ್ಮನಿನಲ್ಲಿ ‘ಗ್ಲೌಬೆನ್’, ಇಂಗ್ಲಿಷಿನಲ್ಲಿ ‘ಬಿಲೀವ್’. ಅದರ ಸ್ಥಾನದಲ್ಲಿ ‘ಪ್ರೀತಿಸು’ ಎಂಬುದನ್ನು ಇಟ್ಟು ಓದಿದರೆ ಆ ವಚನವು ಅಸಂಬದ್ಧವಾಗುತ್ತದೆ. ಪ್ರೀತಿಯಿಲ್ಲದ ನಂಬಿಕೆಯೂ ಸಾಧ್ಯವೆಂಬುದೇ ಯಾಕೋಬನ ಎಚ್ಚರಿಕೆ. ವ್ಯುತ್ಪತ್ತಿಯ ವಾದವು ಆ ಎಚ್ಚರಿಕೆಯನ್ನು ನಿಘಂಟಿನಿಂದಲೇ ಅಳಿಸಿಹಾಕುತ್ತದೆ.

5. ಸ್ಯಾಕ್ಸನರ ಬಾಯಲ್ಲಿ

ಬೇರಿನ ವಾದವು ಮರೆಸುವ ಇನ್ನೊಂದು ಸಂಗತಿಯಿದೆ. ಅದು ಇತಿಹಾಸದ ನೋವು. ವ್ಯಾಟಿಕನ್ ಗ್ರಂಥಾಲಯದ ಒಂದು ಹಸ್ತಪ್ರತಿಯಲ್ಲಿ ಪ್ರಾಚೀನ ಸ್ಯಾಕ್ಸನ್ ಭಾಷೆಯ ದೀಕ್ಷಾಸ್ನಾನದ ಪ್ರತಿಜ್ಞೆಯೊಂದು ಉಳಿದಿದೆ. ದೀಕ್ಷೆ ಪಡೆಯುವವನು ಮೊದಲು ಸೈತಾನನನ್ನೂ ಥುನಾರ್, ವೋಡನ್, ಸಾಕ್ಸ್‌ನೋತ್ ಎಂಬ ಹಳೆಯ ದೇವತೆಗಳನ್ನೂ ತ್ಯಜಿಸಬೇಕು. ಬಳಿಕ ತಂದೆ, ಮಗ, ಪವಿತ್ರಾತ್ಮರ ಕುರಿತು ಒಂದೊಂದಾಗಿ ಕೇಳುವ ಪ್ರಶ್ನೆಗೆ ‘ನಂಬುತ್ತೇನೆ’ ಎಂದು ಉತ್ತರಿಸಬೇಕು. ಆ ಉತ್ತರದಲ್ಲಿರುವುದು ನಮ್ಮ ಕ್ರಿಯಾಪದವೇ.

ಸ್ಯಾಕ್ಸನರ ಬಾಯಿಗೆ ಈ ಕ್ರಿಯಾಪದವು ಬಂದ ಕಾಲ ಎಂಥದು? 772ರಿಂದ 804ರವರೆಗೆ ಶಾರ್ಲ್‌ಮೇನ್ ಸ್ಯಾಕ್ಸನರ ಮೇಲೆ ಯುದ್ಧ ನಡೆಸಿದನು. 782ರಲ್ಲಿ ವೆರ್ಡೆನ್ ಎಂಬಲ್ಲಿ 4,500 ಮಂದಿ ಸ್ಯಾಕ್ಸನರ ಶಿರಚ್ಛೇದವಾಯಿತೆಂದು ಫ್ರಾಂಕರ ಅರಮನೆಯ ವಾರ್ಷಿಕ ದಾಖಲೆಯೇ ಹೇಳುತ್ತದೆ. ದೀಕ್ಷಾಸ್ನಾನವನ್ನು ತಿರಸ್ಕರಿಸಿ ಅಡಗಿಕೊಳ್ಳುವ ಸ್ಯಾಕ್ಸನನಿಗೆ ಮರಣದಂಡನೆಯೆಂದು ಅವನ ಶಾಸನವು ವಿಧಿಸಿತು. ಅಂಥ ದಿನಗಳಲ್ಲಿ ಸೋತ ಜನಾಂಗದವನೊಬ್ಬನು ಈ ಕ್ರಿಯಾಪದವನ್ನು ಉಚ್ಚರಿಸಿದಾಗ ಅದರ ಬೇರಿನಲ್ಲಿ ಪ್ರೀತಿಯಿತ್ತು ಎಂದು ನಾವು ಹೇಳುವುದಾದರೆ, ಆ ಮಾತು ಸುಳ್ಳಲ್ಲದಿದ್ದರೂ ಕ್ರೂರವಾಗುತ್ತದೆ. ಬೇರಿನಲ್ಲಿ ಪ್ರೀತಿಯಿತ್ತು, ಕತ್ತಿಯ ನೆರಳಿನಲ್ಲಿ ನಿಂತವನ ಬಾಯಲ್ಲಿ ಇದ್ದಿರಬೇಕಾಗಿಲ್ಲ.

ಆ ಕಾಲದಲ್ಲಿ ಇದರ ವಿರುದ್ಧ ದನಿಯೆತ್ತಿದವನು ಶಾರ್ಲ್‌ಮೇನ್‌ನ ಆಸ್ಥಾನದ ವಿದ್ವಾಂಸನಾದ ಆಲ್ಕುಯಿನ್. ವಿಶ್ವಾಸವು ಇಚ್ಛೆಗೆ ಸೇರಿದ್ದು, ಬಲಾತ್ಕಾರಕ್ಕಲ್ಲ. ದೀಕ್ಷಾಸ್ನಾನಕ್ಕೆ ಮನುಷ್ಯನನ್ನು ದೂಡಬಹುದು, ವಿಶ್ವಾಸಕ್ಕೆ ದೂಡಲಾಗದು ಎಂಬ ಅಭಿಪ್ರಾಯವನ್ನು ಅವನು 796ರ ಸುಮಾರಿನ ತನ್ನ ಪತ್ರಗಳಲ್ಲಿ ಪ್ರತಿಪಾದಿಸಿದನು. ಆಲ್ಕುಯಿನ್ ಇಂಗ್ಲೆಂಡಿನ ಯಾರ್ಕ್ ಪಟ್ಟಣದವನು. ‘ಗೆಲೀಫನ್’ ಎಂಬುದರ ಒಂದು ಪ್ರಾಂತ್ಯರೂಪವು ಅವನ ತಾಯಿನುಡಿಯ ಪದ. ಆದರೂ ಅವನು ತನ್ನ ವಾದವನ್ನು ಆ ಪದದ ಬೇರಿನ ಮೇಲೆ ಕಟ್ಟಲಿಲ್ಲ. ಮೊದಲು ಬೋಧನೆ, ಬಳಿಕ ದೀಕ್ಷಾಸ್ನಾನ ಎಂಬ ಸುವಾರ್ತೆಯ ಕ್ರಮದ ಮೇಲೆಯೂ, ಅಗಸ್ಟೀನನಂಥ ಪಿತೃಗಳ ಬೋಧನೆಯ ಮೇಲೆಯೂ ಕಟ್ಟಿದನು. ಆದಕಾರಣವೇ ಅದು ಯಾವ ಭಾಷೆಯವರಿಗೂ ತಲಪಬಲ್ಲ ವಾದವಾಯಿತು.

6. ಸ್ಮಿತ್ ಅವರಿಗೆ ಸಲ್ಲಬೇಕಾದುದು

ಇಷ್ಟು ಹೇಳಿದ ಮೇಲೆ ಸ್ಮಿತ್ ಅವರಿಗೆ ನ್ಯಾಯ ಸಲ್ಲಿಸಬೇಕು. ಅವರ ವಾದದ ಎರಡನೆಯ ಕಾಲು ಗಟ್ಟಿಯಾದುದು. ಇಂಗ್ಲಿಷಿನ ‘ಬಿಲೀವ್’ ಪದದ ಬಳಕೆಯು 17ನೆಯ ಶತಮಾನದಿಂದೀಚೆಗೆ ಬದಲಾಗಿದೆಯೆಂಬುದಕ್ಕೆ ಅವರು ಲೇಖಕರ ವಾಕ್ಯಗಳಿಂದಲೇ ಸಾಕ್ಷ್ಯವನ್ನು ತೆಗೆದರು. ಕರ್ಮಸ್ಥಾನದಲ್ಲಿ ವ್ಯಕ್ತಿಗಿಂತ ಹೇಳಿಕೆಯು ಹೆಚ್ಚಾಗಿ ಬರತೊಡಗಿತು. ಕರ್ತೃಸ್ಥಾನದಲ್ಲಿ ‘ನಾನು’ ಎಂಬುದಕ್ಕಿಂತ ‘ಅವನು’, ‘ಅವರು’ ಎಂಬುದು ಹೆಚ್ಚಾಯಿತು. ನಂಬುವ ವಿಷಯವು ಸತ್ಯವೆಂಬ ಸೂಚನೆಯು ಅಳಿದು, ಕೊನೆಗೆ ಅದು ಸಂದೇಹಾಸ್ಪದವೆಂಬ ಸೂಚನೆಯೇ ಉಳಿಯಿತು. ‘ಹಾಗೆಂದು ನಂಬುತ್ತೇನೆ’ ಎಂದರೆ ಇಂದಿನ ಇಂಗ್ಲಿಷಿನಲ್ಲಿ ‘ಖಚಿತವಾಗಿ ಗೊತ್ತಿಲ್ಲ’ ಎಂದೇ ಕೇಳಿಸುತ್ತದೆ. ಇಂಗ್ಲಿಷಿಗೆ ಇನ್ನೊಂದು ತೊಡಕೂ ಇದೆ: ಫ್ರೆಂಚಿನ ಮೂಲಕ ಲ್ಯಾಟಿನಿನಿಂದ ಬಂದ ‘ಫೇಯ್ತ್’ ನಾಮಪದವಾಯಿತು, ‘ಬಿಲೀವ್’ ಕ್ರಿಯಾಪದವಾಗಿ ಉಳಿಯಿತು. ಗ್ರೀಕಿನಲ್ಲಿ ಒಂದೇ ಆಗಿದ್ದ ಪದವು ಇಂಗ್ಲಿಷಿನಲ್ಲಿ ಎರಡಾಗಿ ಒಡೆಯಿತು. ಜರ್ಮನಿನ ‘ಗ್ಲೌಬೆ’, ‘ಗ್ಲೌಬೆನ್’ ಜೋಡಿಗೆ ಆ ಒಡಕಿಲ್ಲ.

ಆದಕಾರಣ ಇಂಗ್ಲಿಷ್ ಓದುಗನಿಗೆ ಸ್ಮಿತ್ ಅವರ ಎಚ್ಚರಿಕೆಯು ನಿಜವಾಗಿ ಅಗತ್ಯ. ಆದರೆ ಆ ಎಚ್ಚರಿಕೆಯು ಬಳಕೆಯ ಇತಿಹಾಸದಿಂದ ಬಂದುದು, ಬೇರಿನಿಂದ ಬಂದುದಲ್ಲ. ಒಂದು ಕಾಲಿನ ಬಲವನ್ನು ಇನ್ನೊಂದಕ್ಕೆ ಸಾಲ ಕೊಟ್ಟದ್ದೇ ಅವರ ಗ್ರಂಥಗಳ ದೋಷ. ಸಾಲ ಕೊಟ್ಟದ್ದನ್ನು ಮಾತ್ರ ಉಳಿಸಿಕೊಂಡು ಬಲವನ್ನು ಬಿಟ್ಟದ್ದು ಅವರನ್ನು ಅನುಸರಿಸಿದ ಪ್ರಸಂಗಗಳ ದೋಷ.

7. ನಮ್ಮ ನುಡಿಯ ಪಾಠ

ಇಂಗ್ಲಿಷಿಗಾಗಿ ಬರೆದ ಔಷಧಿಯನ್ನು ಕನ್ನಡದ ಸಭೆಗೆ ಹಾಗೆಯೇ ಕುಡಿಸುವ ಮೊದಲು ಕನ್ನಡದ ನಾಡಿಯನ್ನು ಹಿಡಿದು ನೋಡಬೇಕು. ನಮ್ಮ ‘ನಂಬು’ ದ್ರಾವಿಡ ಪದ. ತಮಿಳಿನ ‘ನಂಬು’ ಎಂಬ ಜ್ಞಾತಿಗೆ ತೊಲ್ಕಾಪ್ಪಿಯಂ ‘ಆಸೆ’ ಎಂಬ ಅರ್ಥವನ್ನು ಹೇಳುತ್ತದೆ. ಹಳಗನ್ನಡದ ‘ನಚ್ಚು’ ಎಂಬ ಪದದಲ್ಲಿಯೂ ಒಲವು ಮತ್ತು ಭರವಸೆ ಎರಡೂ ಕೂಡಿವೆ. ಜರ್ಮಾನಿಕ್ ಭಾಷೆಗಳೊಡನೆ ಯಾವ ರಕ್ತಸಂಬಂಧವೂ ಇಲ್ಲದ ದ್ರಾವಿಡ ಕುಟುಂಬದಲ್ಲಿ ಸಹ ಆಸೆಯ ಪದವು ಭರವಸೆಯ ಪದವಾಗಿ ಬೆಳೆದಿದೆ. ಮನುಷ್ಯನು ತನಗೆ ಬೇಕಾದುದನ್ನೇ ನಂಬಿಕೊಳ್ಳುತ್ತಾನೆ ಎಂಬ ಮನಸ್ಸಿನ ನಡೆ ಇದು. ಸುವಾರ್ತೆಯು ಒಂದು ಜನಾಂಗದ ಧಾತುವಿನಲ್ಲಿ ಮೊದಲೇ ಬಿತ್ತಿಟ್ಟ ರಹಸ್ಯವಲ್ಲ. ಅಷ್ಟೇ ಏಕೆ, ಬೇಕಾದುದನ್ನು ನಂಬುವ ಆ ನಡೆಯನ್ನು ಪ್ರವಾದಿಗಳು ಎಷ್ಟೋ ಸಲ ವಿಗ್ರಹಾರಾಧನೆಯೆಂದು ಖಂಡಿಸಿದ್ದಾರೆ.

‘ವಿಶ್ವಾಸ’ ಎಂಬುದು ಸಂಸ್ಕೃತದ ‘ಶ್ವಸ್’ ಧಾತುವಿನಿಂದ ಬಂದುದು. ಅದರ ಬೇರಿನಲ್ಲಿರುವುದು ಉಸಿರಾಟ. ಆದರೆ ‘ಅವರು ವಿಶ್ವಾಸದಿಂದ ಮಾತನಾಡಿಸಿದರು’ ಎಂದಾಗ, ‘ಪ್ರೀತಿವಿಶ್ವಾಸ’ ಎಂದು ಜೋಡಿಸಿ ಹೇಳಿದಾಗ, ಕನ್ನಡಿಗನಿಗೆ ಕೇಳಿಸುವುದು ಅಕ್ಕರೆ. ಬೇರಿನಲ್ಲಿ ಇಲ್ಲದ ಪ್ರೀತಿಯು ಇಲ್ಲಿ ಬಳಕೆಯಲ್ಲಿದೆ. ‘ಶ್ರದ್ಧೆ’ಯ ಗತಿ ಇನ್ನೊಂದು ಬಗೆ. ಲ್ಯಾಟಿನಿನ ‘ಕ್ರೇಡೊ’ ಪದದೊಡನೆ ಹುಟ್ಟಿದ ಅದು, ‘ಶ್ರದ್ಧೆಯಿಂದ ಓದು’ ಎಂದು ಮಕ್ಕಳಿಗೆ ಹೇಳುವಾಗ, ಗಮನ ಮತ್ತು ಶ್ರಮವಾಗಿದೆ. ಬೇರೊಂದು, ಫಲವೊಂದು; ಎರಡನ್ನೂ ಬಲ್ಲವನು ಫಲದ ರುಚಿಯನ್ನು ಬೇರನ್ನು ಅಗಿದು ತಿಳಿಯಲು ಹೋಗುವುದಿಲ್ಲ.

ವಿಶ್ವಾಸವು ಬರಿಯ ಒಪ್ಪಿಗೆಯಲ್ಲವೆಂದು ಬೋಧಿಸಲು ನಮಗೆ ಜರ್ಮಾನಿಕ್ ಧಾತುವಿನ ಸಹಾಯ ಬೇಕಾಗಿಲ್ಲ. ಅಗಸ್ಟೀನನ ಬರಹಗಳಿಂದ ಬೆಳೆದು ಬಂದ ಮೂರು ಬಗೆಯ ವಿಂಗಡಣೆಯನ್ನು ಕನ್ನಡದ ವ್ಯಾಕರಣವು ಸರಾಗವಾಗಿ ಹೇಳುತ್ತದೆ: ದೇವರು ಇದ್ದಾನೆಂದು ನಂಬುವುದು, ದೇವರ ಮಾತನ್ನು ನಂಬುವುದು, ದೇವರನ್ನೇ ನಂಬಿ ಬಾಳುವುದು. ಮೊದಲನೆಯದು ದೆವ್ವಗಳಿಗೂ ಉಂಟು. ಮೂರನೆಯದು ಪ್ರೀತಿಯಿಲ್ಲದೆ ಆಗದು. ಆದರೆ ಮೊದಲನೆಯದನ್ನು ಕೆಡವಿ ಮೂರನೆಯದನ್ನು ಕಟ್ಟಲಾಗದು. ದೇವರ ಬಳಿಗೆ ಬರುವವನು ದೇವರು ಇದ್ದಾನೆಂದು ನಂಬಬೇಕೆಂದು ಇಬ್ರಿಯರಿಗೆ 11:6 ಸ್ಪಷ್ಟವಾಗಿ ಹೇಳುತ್ತದೆ.

ಈ ಚರ್ಚೆಯು ಭಾಷಾಶಾಸ್ತ್ರದ ಕುತೂಹಲವಾಗಿ ಮಾತ್ರ ಉಳಿಯದಿರುವುದು ಇಲ್ಲಿಯೇ. ಸಮಾಧಿಯ ಬಳಿ ನಿಂತವರಿಗೆ ‘ಕ್ರಿಸ್ತನು ಎದ್ದನೆಂದು ನೀವು ಒಪ್ಪಬೇಕಾಗಿಲ್ಲ, ಅವನನ್ನು ಪ್ರೀತಿಸಿದರೆ ಸಾಕು, ಪದದ ಮೂಲಾರ್ಥವೇ ಅದು’ ಎಂದು ಹೇಳಿದರೆ, ನಾವು ಅವರ ಭಾರವನ್ನು ಇಳಿಸಿದಂತೆ ತೋರಿಸಿ ಅವರು ಹಿಡಿದುಕೊಂಡಿದ್ದ ಊರುಗೋಲನ್ನೇ ಕಸಿದುಕೊಳ್ಳುತ್ತೇವೆ. ಅವರಿಗೆ ಬೇಕಾದುದು ಪ್ರೀತಿಸಲು ತಕ್ಕ ಒಂದು ನೆನಪಲ್ಲ. ಎದ್ದಿರುವ ಒಬ್ಬ ಕರ್ತನು. ಅದಲ್ಲದೆ, ಗಾಥಿಕ್ ಧಾತುವನ್ನು ಸಾಕ್ಷಿಯಾಗಿ ಕರೆದರೆ ಅದನ್ನು ಪರೀಕ್ಷಿಸುವ ಸಾಧನವು ಸಭೆಯಲ್ಲಿ ಕುಳಿತವರ ಕೈಯಲ್ಲಿಲ್ಲ. ಗಲಾತ್ಯದವರಿಗೆ 5:6ನ್ನು ಕರೆದರೆ ಅವರೇ ತೆರೆದು ಓದಿ, ಬೋಧಕನು ಹೇಳಿದ್ದು ಸರಿಯೇ ಎಂದು ನೋಡಬಲ್ಲರು. ಬೆರೋಯದವರು ದಿನಾಲು ಮಾಡುತ್ತಿದ್ದ ಆ ಶೋಧನೆಗೆ ನಮ್ಮ ಪ್ರಸಂಗಗಳು ಎಡೆಕೊಡಬೇಕು.

‘ಗಲೌಬ್ಯನ್’ ಕ್ರಿಯಾಪದದ ಇತಿಹಾಸವು ನಿರುಪಯೋಗಿಯೆಂದು ಇದರ ಅರ್ಥವಲ್ಲ. ಆಸೆಯಿಂದ ಹುಟ್ಟಿದ ಒಂದು ಪದವು ಸುವಾರ್ತೆಯ ಸೇವೆಗೆ ಸೇರಿ, ಗ್ರೀಕಿನಿಂದ ಕಲಿತು, ಮಾರ್ಥಳ ಅರಿಕೆಯನ್ನು ಗಾಥರ ಬಾಯಲ್ಲಿ ನುಡಿಸಿತು. ಸ್ಯಾಕ್ಸನರ ನಡುವೆ ಬಲಾತ್ಕಾರದ ಕಳಂಕವನ್ನೂ ಹೊತ್ತಿತು. ಅದು ಯಾರನ್ನು ಕುರಿತು, ಏನನ್ನು ಕುರಿತು, ಯಾವ ಸ್ಥಿತಿಯಲ್ಲಿ ಉಚ್ಚರಿಸಲ್ಪಟ್ಟಿತೆಂಬುದೇ ಪ್ರತಿಯೊಂದು ಸಲವೂ ಅದರ ಅರ್ಥವನ್ನು ನಿರ್ಣಯಿಸಿದೆ. ನಮ್ಮ ‘ನಂಬುತ್ತೇನೆ’ ಎಂಬ ಮಾತಿಗೂ ಬೇರೆ ಅಳತೆಗೋಲಿಲ್ಲ.